ಇಜಿಆರ್ ತೊಳೆದ ಮೇಲೂ ಕಪ್ಪು ಹೊಗೆ ಬಂದರೆ

ಟರ್ಬೊ ಡೀಸೆಲ್ ಗಾಡಿಯಲ್ಲಿ ಇನ್‌ಟೇಕ್ (ಗಾಳಿ ಒಳಬರುವ ದಾರಿ) ಬೇರೆ, ಎಕ್ಸಾಸ್ಟ್ (ಹೊಗೆ ಹೊರಹೋಗುವ ದಾರಿ) ಬೇರೆ ಅಂದುಕೊಂಡು ರಿಪೇರಿಗೆ ಇಳಿದರೆ ಅದೇ ಗಾಡಿ ಅದೇ ದೂರು ಹೊತ್ತು ವಾಪಸ್ ಬರುತ್ತದೆ. ಎಕ್ಸಾಸ್ಟಿನ ಬಿಸಿ ಹೊಗೆ ಟರ್ಬೊ ತಿರುಗಿಸುತ್ತದೆ, ಟರ್ಬೊ ಇನ್‌ಟೇಕಿಗೆ ಗಾಳಿ ತುಂಬುತ್ತದೆ, ಇಜಿಆರ್ ವಾಲ್ವ್ ಅದೇ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಇನ್‌ಟೇಕಿಗೆ ಬಿಡುತ್ತದೆ. ಎಲ್ಲ ಒಂದೇ ಸುತ್ತು.

ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಬಂದ ಒಂದು ಬಿಎಸ್ 4 ಟ್ಯಾಕ್ಸಿಯ ಕಥೆ ಹೇಳುತ್ತೇನೆ. ಚಾಲಕ ಬರುವಾಗಲೇ ಏನು ಮಾಡಬೇಕೆಂದು ತೀರ್ಮಾನಿಸಿಕೊಂಡು ಬಂದಿದ್ದ.

"ಅಣ್ಣ, ಇಜಿಆರ್ ಮೊನ್ನೆ ತಾನೆ ಕ್ಲೀನ್ ಮಾಡ್ಸಿದ್ದೆ. ಆದ್ರೂ ಕಪ್ಪು ಹೊಗೆ ಬರ್ತಿದೆ, ಪಿಕಪ್ಪೂ ಇಲ್ಲ. ಅದನ್ನ ಪೂರ್ತಿ ಮುಚ್ಬಿಟ್ಟು ಹಿಂದೆ ದೊಡ್ಡ ಪೈಪ್ ಹಾಕ್ಕೊಡಿ."

"ಹಾಕೋಣ, ಮೊದ್ಲು ಸ್ಕ್ಯಾನರ್ ನೋಡೋಣ ಇರಿ."

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಇನ್‌ಟೇಕಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿದರೆ ಆ ಊರಿನ ಗಾಳಿಯ ಒತ್ತಡ ತೋರಿಸಬೇಕು. ಮಂಗಳೂರಲ್ಲಿ ಅದು 101 ಕಿಲೋಪ್ಯಾಸ್ಕಲ್ ಹತ್ತಿರ, ಸಾವಿರ ಮೀಟರಿಗಿಂತ ಎತ್ತರದ ನಮ್ಮೂರಲ್ಲಿ 90ರ ಆಸುಪಾಸು. ಕೆಳಗಿನಿಂದ ಬಂದ ಹುಡುಗರು ಇದನ್ನು ಕಂಡು ಸೆನ್ಸರ್ ಹೋಗಿದೆ ಎಂದು ಬದಲಾಯಿಸಲು ಹೊರಡುವುದುಂಟು. ಈ ಗಾಡಿಯಲ್ಲಿ ಸೆನ್ಸರ್ ಸರಿಯಾಗಿಯೇ ಇತ್ತು. ನಮ್ಮೂರ ಹತ್ತಿರದ ಕೈಮರದಿಂದ ಮೇಲಕ್ಕೆ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ವಿಷಯ ಗೊತ್ತಾಯಿತು. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕೇಳಿದ ಬೂಸ್ಟಿಗಿಂತ (ಟರ್ಬೊ ತುಂಬುವ ಗಾಳಿಯ ಒತ್ತಡ) ಸಿಕ್ಕ ಬೂಸ್ಟ್ ತುಂಬ ಕಡಿಮೆ. ಸ್ವಲ್ಪ ಹೊತ್ತಿಗೆ ಒಮ್ಮೆಲೇ ಕೇಳಿದ್ದಕ್ಕಿಂತ ಜಾಸ್ತಿ. ಆಮೇಲೆ ಗಾಡಿ ಲಿಂಪ್ ಮೋಡಿಗೆ, ಅಂದರೆ ಶಕ್ತಿ ಕಡಿತ ಮಾಡಿಕೊಂಡು ಓಡುವ ಸ್ಥಿತಿಗೆ, ಹೋಯಿತು.

ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಹೋಸ್ ಕ್ಲಾಂಪಿನ ಕೆಳಭಾಗದಲ್ಲಿ ಸೀಳಿತ್ತು. ಐಡಲಿನಲ್ಲಿ ಅದು ಮುಚ್ಚಿಕೊಂಡಿರುತ್ತದೆ, ಬೂಸ್ಟ್ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಸುಮಾರು 1 ಬಾರ್ ಗಾಳಿ ತುಂಬಿಸಿ ಸೋಪಿನ ನೀರು ಹಚ್ಚಿದ ಮೇಲೇ ಕಣ್ಣಿಗೆ ಬಿದ್ದದ್ದು. ಏರ್‌ಫ್ಲೋ ಸೆನ್ಸರ್ ಒಳಗೆ ಬಂದ ಗಾಳಿ ಲೆಕ್ಕ ಹಾಕಿ ಡೀಸೆಲ್ ಬಿಡಿಸುತ್ತದೆ. ದಾರಿಯಲ್ಲಿ ಗಾಳಿ ಸೋರಿದರೆ ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಆ ಮಸಿ ಇಜಿಆರ್ ದಾರಿಯಲ್ಲಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಬಂದು, ಕ್ರ್ಯಾಂಕ್‌ಕೇಸ್ ಬ್ರೀದರಿನಿಂದ ಬರುವ ಎಣ್ಣೆಯ ಆವಿಯೊಂದಿಗೆ ಬೆರೆತು, ಸೌದೆ ಒಲೆಯ ಮೇಲಿನ ಅಡುಗೆಮನೆ ಗೋಡೆಯ ಜಿಡ್ಡಿನ ಹಾಗೆ ಕೂರುತ್ತದೆ. ಉಳಿದದ್ದು ಟರ್ಬೊದೊಳಗೆ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ವಿಜಿಟಿ ಬ್ಲೇಡುಗಳ ಸಂದಿಗೆ ಸೇರಿ ಅವು ಬಿಗಿಯುತ್ತವೆ. ಹೀಗಿರುವಾಗ ಬರೀ ಇಜಿಆರ್ ತೊಳೆದು ಏನು ಪ್ರಯೋಜನ?

ಹಾಗಂತ ತೊಳೆಯುವುದು ಬೇಡವೆಂದಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ಡೀಸೆಲ್ಲಿನಲ್ಲೋ ಡಿಗ್ರೀಸರಿನಲ್ಲೋ ನೆನೆಹಾಕಿ ಕೆರೆಯಬೇಕು. ಕಾಸ್ಟಿಕ್ ಸೋಡಾದಲ್ಲಿ ಅದ್ದುವವರಿದ್ದಾರೆ; ಅದು ಅಲ್ಯೂಮಿನಿಯಂ ತಿನ್ನುತ್ತದೆ, ಹೈಡ್ರೋಜನ್ ಬೇರೆ ಬಿಡುತ್ತದೆ. ಹೆಡ್ಡಿನ ಪೋರ್ಟ್ ಕೆರೆಯುವಾಗ ಆ ಸಿಲಿಂಡರಿನ ಇನ್‌ಟೇಕ್ ವಾಲ್ವ್ ಮುಚ್ಚಿರುವ ಹಾಗೆ ಕ್ರ್ಯಾಂಕ್ ತಿರುಗಿಸಿಟ್ಟುಕೊಂಡು, ಪುಡಿಯನ್ನು ವ್ಯಾಕ್ಯೂಮಿನಲ್ಲಿ ಎಳೆಯಬೇಕು. ಓಡುತ್ತಿರುವ ಎಂಜಿನ್ನಿಗೆ ಸ್ಪ್ರೇ ಕ್ಯಾನ್ ಹೊಡೆಯುವ ವಿಡಿಯೊಗಳ ಬಗ್ಗೆ ನನಗೆ ಸ್ವಲ್ಪವೂ ಗೌರವವಿಲ್ಲ. ಡೀಸೆಲ್ ಎಂಜಿನ್ ಗಾಳಿಯೊಂದಿಗೆ ಒಳಗೆ ಹೋದ ಉರಿಯುವ ವಸ್ತುವನ್ನೆಲ್ಲ ಇಂಧನ ಮಾಡಿಕೊಳ್ಳುತ್ತದೆ, ಆರ್‌ಪಿಎಂ ಕೈತಪ್ಪಿದರೆ ಕೀ ತಿರುಗಿಸಿದರೂ ನಿಲ್ಲುವುದಿಲ್ಲ.

ಟರ್ಬೊದಲ್ಲಿ ಎಕ್ಸಾಸ್ಟ್ ಹೌಸಿಂಗ್ ತೆಗೆದು ಬ್ಲೇಡುಗಳ ರಿಂಗ್ ಸಲೀಸಾಗಿ ಆಡುವವರೆಗೆ ಶುಚಿ ಮಾಡಿದೆವು. ಆ ಬ್ಲೇಡುಗಳನ್ನು ಆಡಿಸುವ ಆಕ್ಚುವೇಟರ್ ರಾಡನ್ನು ಕೈ ವ್ಯಾಕ್ಯೂಮ್ ಪಂಪಿನಿಂದ ಎಳೆದು ನೋಡಿದಾಗ ಎಲ್ಲೂ ತಡೆಯಲಿಲ್ಲ. ಬ್ಲೇಡುಗಳ ಮಿತಿ ಹಿಡಿಯುವ ಸ್ಟಾಪ್ ಸ್ಕ್ರೂವಿಗೆ ಕೈಹಾಕಲಿಲ್ಲ. ಅದು ಫ್ಲೋ ಬೆಂಚಿನಲ್ಲಿ, ಗಾಳಿಯ ಹರಿವು ಅಳೆದು ಕೂರಿಸಿದ ಅಳತೆ. ಕಂಪ್ರೆಸರ್ ಗಾಳಿ ಹೊಡೆದು ಟರ್ಬೊದ ಚಕ್ರ ತಿರುಗಿಸಿ ಮಜಾ ನೋಡುವ ಚಪಲ ಹೊಸ ಹುಡುಗರಿಗೆ ಇರುತ್ತದೆ. ಎಣ್ಣೆಯಿಲ್ಲದ ಬೇರಿಂಗ್ ಅದರಲ್ಲೇ ಹಾಳಾಗುತ್ತದೆ.

ಇಜಿಆರ್ ಮುಚ್ಚಲಿಲ್ಲ. ಉರಿಯ ತಾಪ ತಗ್ಗಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವುದೇ ಅದರ ಕೆಲಸ, ಮುಚ್ಚುವುದು ಕಾನೂನಿಗೂ ವಿರುದ್ಧ. ನಮ್ಮಲ್ಲಿ ಡೀಸೆಲ್ ಗಾಡಿಯ ಪಿಯುಸಿ ಹೊಗೆಯ ಮಬ್ಬನ್ನಷ್ಟೇ ಅಳೆಯುವುದರಿಂದ ಮುಚ್ಚಿದ ಗಾಡಿಯೂ ಪಾಸಾಗುತ್ತದೆ. ಅದನ್ನೇ ಕೆಲವರು ಮುಚ್ಚಿದ್ದು ಸರಿ ಎಂಬುದಕ್ಕೆ ಪ್ರಮಾಣಪತ್ರ ಅಂದುಕೊಂಡಿದ್ದಾರೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳ ಕಥೆ ಇನ್ನೊಂದು. ಅವುಗಳ ಡಿಪಿಎಫ್ (ಎಕ್ಸಾಸ್ಟಿನಲ್ಲಿ ಮಸಿ ಹಿಡಿಯುವ ಫಿಲ್ಟರ್) ಸುಮಾರು 600 ಡಿಗ್ರಿಯಲ್ಲಿ ಮಸಿ ಸುಟ್ಟುಕೊಳ್ಳಬೇಕು. ಊರೊಳಗೇ ಸುತ್ತುವ ಗಾಡಿಯಲ್ಲಿ ಅದು ಅರ್ಧಕ್ಕೇ ನಿಂತು, ಬಿಸಿ ಏರಿಸಲು ಬಿಟ್ಟ ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. "ಆಯಿಲ್ ಒಂಚೂರೂ ಕಮ್ಮಿ ಆಗಿಲ್ಲ, ಜಾಸ್ತಿನೇ ಆಗಿದೆ" ಎಂದು ಖುಷಿಯಿಂದ ಹೇಳಿದವರ ಗಾಡಿಯ ಡಿಪ್‌ಸ್ಟಿಕ್ ನಾನು ಮೂಸಿ ನೋಡುತ್ತೇನೆ.

ಇನ್ನು ದೊಡ್ಡ ಪೈಪು. ಆ ಟ್ಯಾಕ್ಸಿಯನ್ನು ಲಿಫ್ಟಿಗೆ ಏರಿಸಿದಾಗ ಕಂಡದ್ದು ಕಾಫಿ ಎಸ್ಟೇಟ್ ದಾರಿಯ ಕಲ್ಲಿಗೆ ಬಡಿದು ಅರ್ಧ ಚಪ್ಪಟೆಯಾದ ಎಕ್ಸಾಸ್ಟ್ ಪೈಪು. ಹೊಗೆ ಹೊರಹೋಗಲು ಜಾಗವಿಲ್ಲದಿದ್ದರೆ ಟರ್ಬೊ ಏನು ತಿರುಗೀತು? ಆ ತುಂಡು ಕತ್ತರಿಸಿ, ಕಂಪನಿಯ ಅಳತೆಯದೇ ಪೈಪು ವೆಲ್ಡ್ ಮಾಡಿದೆವು. ಮತ್ತೆ ಕೈಮರದ ಏರು ಹತ್ತಿಸಿದಾಗ ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್ ಎರಡೂ ಗೆರೆ ಒಂದರ ಮೇಲೊಂದು ಕೂತವು. ಚಾಲಕನಿಗೆ ಸದ್ದು ಸಾಲದು ಅನ್ನಿಸಿತೇನೋ, ಬಿಲ್ ಕೊಡುವಾಗ ಪೈಪಿನ ಮಾತು ಇನ್ನೊಂದು ಸಲ ತೆಗೆದ.