ನಲವತ್ತು ಕಟ್ಟು

ಮಗಳಿಗೆ ಈಗ 15. ಸ್ಕೂಟರನ್ನು ಶಾಲೆಯ ಗೇಟಿನ ತನಕ ತರಬೇಡ, ಆಚೆ ಅಶ್ವತ್ಥ ಮರದ ಹತ್ತಿರವೇ ಇಳಿಸು ಅನ್ನುತ್ತಾಳೆ. ಸ್ಕೂಟರ್ ಹಳೆಯದು, ಸದ್ದು ಜಾಸ್ತಿ. ನಾನು ಬೈಯುವುದಿಲ್ಲ. ಬೈಯುವ ಬಾಯಿ ನನಗಿಲ್ಲ.

ನಾನು ಪಿಯುಸಿಗೆ ಸೇರಿದ ವರ್ಷ ಕಾಲೇಜಿನಲ್ಲಿ ಒಂದು ಅರ್ಜಿ ಕೊಟ್ಟಿದ್ದರು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆಯಿಂದ ಬರುವ ವಿದ್ಯಾರ್ಥಿವೇತನದ್ದು. ಅದಕ್ಕೆ ಅಮ್ಮನ ಬೀಡಿ ಕಾರ್ಡಿನ, ಅಂದರೆ ಬೀಡಿ ಕಾರ್ಮಿಕರ ಗುರುತಿನ ಚೀಟಿಯ, ಪ್ರತಿ ಲಗತ್ತಿಸಬೇಕು. ನಾನು ಆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ನೋಟ್ಸಿನೊಳಗೆ ಅಡಗಿಸಿಟ್ಟೆ. ಗೆಳತಿಯರಿಗೆ "ಅಮ್ಮ ಮನೆಯಲ್ಲೇ ಇರುವುದು" ಅಂತ ಹೇಳಿ ಆಗಿತ್ತು. ಸುಳ್ಳೇನೂ ಅಲ್ಲ, ಬೀಡಿ ಕಟ್ಟುವವರು ಮನೆಯಲ್ಲೇ ಇರುವುದು ತಾನೇ! ಆದರೆ ಕೈಕಂಬದಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗುವ ಬಸ್ಸಿನ ರಶ್ಶಿನಲ್ಲಿ, ಯೂನಿಫಾರ್ಮಿಗೆ ಹೊಗೆಸೊಪ್ಪಿನ ಘಾಟು ಅಂಟಿದೆಯೋ ಎಂದು ದಿನಾ ತೋಳು ಮೂಸಿ ನೋಡುತ್ತಿದ್ದೆ.

ಆ ವರ್ಷದ ಆಟಿ ತಿಂಗಳ ಮಳೆಯಲ್ಲಿ ಅಮ್ಮ ಜ್ವರ ಬಂದು ಮಲಗಿದರು. ಶನಿವಾರ ಬೀಡಿ ಕಂಪೆನಿಯ ಬ್ರಾಂಚಿಗೆ 1000 ಬೀಡಿ ಕೊಡಬೇಕಿತ್ತು, ಆಗಿದ್ದದ್ದು 800. ಉಳಿದ 200 ತಾನೇ, ನಾನು ಕಟ್ಟುತ್ತೇನೆ ಅಂದೆ. ಅದು ಜಂಬ, ಪ್ರೀತಿ ಅಂತ ಈಗ ಹೇಳಿಕೊಳ್ಳುವುದು ಸರಿಯಲ್ಲ.

ಹಿಂದಿನ ರಾತ್ರಿ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ. ತಗಡಿನ ಅಳತೆ ಇಟ್ಟು ಕತ್ತರಿಸುವಾಗ ನರ ಎತ್ತ ಇದೆ ಅಂತ ನೋಡಬೇಕು, ಇಲ್ಲವಾದರೆ ಸುರುಳಿ ಸುತ್ತುವಾಗ ಸೀಳುತ್ತದೆ. ತಡ್ಪೆ, ಅಂದರೆ ಮೊರ, ತೊಡೆಯ ಮೇಲೆ. ಹೊಗೆಸೊಪ್ಪಿನ ಹುಡಿ ಹೆಚ್ಚಾದರೆ ಬೀಡಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಕಡಿಮೆಯಾದರೆ ಚಪ್ಪಟೆ. ಬಾಯಿ ಮಡಚಬೇಕು, ಬುಡಕ್ಕೆ ನೂಲು ಸುತ್ತಬೇಕು. ಅಮ್ಮ ಇದನ್ನೆಲ್ಲ ಆಕಾಶವಾಣಿ ಕೇಳುತ್ತಾ, ಒಲೆಯ ಮೇಲಿನ ಗಂಜಿಯ ಕಡೆಗೂ ಕಣ್ಣಿಟ್ಟು ಮಾಡುತ್ತಿದ್ದರು. ನನ್ನ ಬೀಡಿ ಕೈ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ಎಂಟು ಗಂಟೆಗೆ ಕೂತವಳು ಮೂರು ಗಂಟೆಗೆ ಎದ್ದೆ. ಕುತ್ತಿಗೆ ತಿರುಗುತ್ತಿರಲಿಲ್ಲ. ಎಲೆಯೂ ಕಡಿಮೆ ಬಿತ್ತು. ಪಕ್ಕದ ಮನೆಯಿಂದ ಕಡ ತರಬೇಕಾಯಿತು. ಬ್ರಾಂಚಿನಿಂದ ಬರುವ ಎಲೆಯಲ್ಲಿ ತೂತಿನದ್ದು, ಹರಿದದ್ದು ಸೇರಿರುತ್ತದೆ, ಕಡಿಮೆ ಬಿದ್ದದ್ದನ್ನು ಕಟ್ಟುವವರೇ ದುಡ್ಡು ಕೊಟ್ಟು ತುಂಬಿಸಬೇಕು ಅಂತ ನನಗೆ ಗೊತ್ತಾದದ್ದೂ ಆವತ್ತೇ. 16 ವರ್ಷ ಅದೇ ಮನೆಯಲ್ಲಿ ಇದ್ದೂ!

25 ರ ಹಾಗೆ 40 ಕಟ್ಟು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೊಡೆ ನನಗಿಂತ ಚೀಲಕ್ಕೇ ಹೆಚ್ಚು ಹಿಡಿದು, ಬ್ರಾಂಚಿನ ಸಾಲಿನಲ್ಲಿ ನಿಂತೆ. ಬೀಡಿ ಪರೀಕ್ಷಿಸಿ ನೋಡುವವರು ಅಮ್ಮನ ಕಟ್ಟುಗಳನ್ನು ಹಾಗೇ ಬದಿಗಿಟ್ಟರು. ನನ್ನದು ಬಂದಾಗ ಒಂದನ್ನು ಹಿಚುಕಿದರು, ಇನ್ನೊಂದನ್ನು ಹಿಚುಕಿದರು, ಆಮೇಲೆ ಲೆಕ್ಕ ಮಾಡದೆ ಐದು ಕಟ್ಟು ಕೆಳಗೆ ಬಿಸಾಡಿದರು. "ಇದು ಬೀಡಿಯಾ, ಕಸವಾ? ನಿನ್ನ ಅಮ್ಮನಿಗೆ ಕಣ್ಣು ಕಾಣುವುದಿಲ್ಲವಾ?"

ಕಟ್ಟಿದ್ದು ನಾನು ಅಂತ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಹಿಂದೆ ನಿಂತ ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಅವರಿಗೆ ಅದು ಹೊಸತಲ್ಲ ಅಂತ ಆ ನೋಟದಲ್ಲೇ ಗೊತ್ತಾಗುತ್ತಿತ್ತು. ಅಮ್ಮನೂ ವಾರವಾರ ಹೀಗೇ ನಿಲ್ಲುತ್ತಿದ್ದರು. ಮನೆಗೆ ಬಂದು ಒಂದು ದಿನ ಒಂದು ಮಾತು ಆಡಿದವರಲ್ಲ, ಬರುವಾಗ ನನಗೆ ಗೋಳಿಬಜೆ ತರುತ್ತಿದ್ದರು, ಅಷ್ಟೇ.

ಒಳಗೆ ಕಾಲಿಟ್ಟದ್ದೇ ಚಾಪೆಯಿಂದ ಕೇಳಿದರು, "ಏತ್ ಪೋಂಡು ಮಗಾ?" ಎಷ್ಟು ಹೋಯಿತು ಅಂತ. ಹೋಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು.

"ಐದು ಕಟ್ಟು."

"ಐದೇಯಾ? ನಾನು ಕಲಿಯುವಾಗ ಪೂರ್ತಿ ಹೋಗಿತ್ತು" ಅಂದು ನಕ್ಕರು. ನಗು ಕೆಮ್ಮಾಯಿತು.

ರಾತ್ರಿ ಅರ್ಜಿ ತೆಗೆದು ಕೊಟ್ಟೆ. ಬಿಸ್ಕೆಟ್ ಡಬ್ಬಿಯಿಂದ ಕಾರ್ಡು ತಂದು, ದೀಪದ ಹತ್ತಿರ ಕೂತು, ಮಡಿಕೆಗಳನ್ನು ಹೆಬ್ಬೆರಳಲ್ಲಿ ನೀವಿ ನೀವಿ ಸರಿ ಮಾಡಿದರು.

"ಇದು ಯಾವಾಗ ಕೊಟ್ಟದ್ದು?"

"ನಿನ್ನೆ" ಅಂದೆ.

ಮಡಿಕೆ ಹರಿಯುವಷ್ಟು ಹಳತಾಗಿತ್ತು. ಅಮ್ಮ ಮತ್ತೇನೂ ಕೇಳದೆ ಪೆನ್ನು ಕೊಡು ಅಂತ ಕೈ ಚಾಚಿದರು.