ಒರಾಂಡಾಗೆ ಜೊತೆ ಹುಡುಕಿದ್ದು

ಡಿಸೆಂಬರಿನ ಒಂದು ರಾತ್ರಿ, ಒಂದೂವರೆ ಗಂಟೆಯ ಹೊತ್ತಿಗೆ, ಅಮ್ಮ ನನ್ನ ಕೋಣೆಯ ಬಾಗಿಲು ತಟ್ಟಿ ಎಬ್ಬಿಸಿದರು. “ನಾನು ಹೇಳಿದರೆ ನಂಬಲ್ಲ ನೀನು, ಬಾ, ನೀನೇ ನೋಡು” ಎಂದು ಹಾಲಿಗೆ ಕರೆದುಕೊಂಡು ಹೋಗಿ ಟಾರ್ಚಿನ ಬೆಳಕನ್ನು ಮೀನಿನ ತೊಟ್ಟಿಯತ್ತ ಹಿಡಿದರು. ನಮ್ಮ ಕೆಂಪು-ಬಿಳಿ ಒರಾಂಡಾ ಗೋಲ್ಡ್ ಫಿಷ್ ನಿದ್ದೆಯ ಹೊತ್ತಿನ ಮಂಕು ಬಣ್ಣದಲ್ಲಿ ತಳದ ಕಲ್ಲುಗಳಿಂದ ಎರಡಂಗುಲ ಮೇಲೆ ನಿಂತಿತ್ತು. ಅದರ ಎಡಮಗ್ಗುಲಿಗೆ, ಕಿವಿರಿನ ಸ್ವಲ್ಪ ಹಿಂದೆ, ಸಕ್ಕರ್ ಮೀನು ಬಾಯಿ ಊರಿ ಅಡ್ಡಲಾಗಿ ಅಂಟಿಕೊಂಡಿತ್ತು. ಒರಾಂಡಾ ಒಮ್ಮೆ ಮೈ ಕೊಡವಿ ಒಂದು ಗೇಣು ಮುಂದೆ ಸಾಗಿತು. ಸಕ್ಕರ್ ಬಿಡಲಿಲ್ಲ, ಜೊತೆಗೇ ಸಾಗಿತು.

ಅಮ್ಮ ಒಂದು ವಾರದಿಂದ “ರಾತ್ರಿ ಆ ಮೀನು ಒದ್ದಾಡುತ್ತೆ ಕಣೇ” ಎನ್ನುತ್ತಲೇ ಇದ್ದರು. ಕಣ್ಣಿನ ಪೊರೆಯ ಆಪರೇಷನ್ ಆಗಿರುವ, ರಾತ್ರಿ ಎರಡು ಮೂರು ಸಲ ಏಳುವ ಎಂಬತ್ತರ ಹೆಂಗಸು ಕತ್ತಲಲ್ಲಿ ಏನು ಕಂಡಾರು ಎಂದು ನಾವು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಒರಾಂಡಾದ ಎಡಗಡೆ ಬೆರಳಿನುಗುರಿನಷ್ಟು ಬಿಳಿಚಿಕೊಂಡ ಜಾಗವನ್ನು ನಾನೂ ಗಮನಿಸಿದ್ದೆ. ಆದರೆ ಅದು ಬೂಷ್ಟಿನ ರೋಗವೆಂದು ತೀರ್ಮಾನಿಸಿ, ಅಂಗಡಿಯಿಂದ ನೀಲಿ ಔಷಧಿ ತಂದು ಹನಿ ಹಾಕುತ್ತಿದ್ದೆ. ಇಲ್ಲದ ರೋಗಕ್ಕೆ ಆರು ದಿನ ಮದ್ದು ಮಾಡಿದ್ದೆನೆಂದು ಆ ರಾತ್ರಿ ತಿಳಿಯಿತು.

ಆ ಸಕ್ಕರ್ ನಮ್ಮ ಮನೆಗೆ ಬಂದದ್ದೇ ಒರಾಂಡಾಗೆ ಜೊತೆಯಾಗಿ. ಮೊದಲು ಅದರೊಂದಿಗೆ ಒಂದು ಕಾಮೆಟ್ ಇತ್ತು. ಎರಡೂ ಗೋಲ್ಡ್ ಫಿಷ್, ಎರಡೂ ಒಂದೇ ಜಾತಿ. ಆದ್ದರಿಂದ ಹೊಂದಿಕೊಳ್ಳುತ್ತವೆ ಎಂಬುದು ನನ್ನ ಲೆಕ್ಕ. ಕಾಮೆಟ್ ಸಪೂರ ಮೈಯ, ಉದ್ದನೆಯ ಒಂಟಿ ಬಾಲದ ಮೀನು. ಒರಾಂಡಾ ಮೊಟ್ಟೆಯಂಥ ಮೈಯ, ಜೋಡಿ ಬಾಲದ, ತಲೆಯ ಮೇಲೆ ಗೊಂಡೆ ಬೆಳೆಸಿಕೊಂಡ ಮೀನು. ಆ ಗೊಂಡೆ ಬೆಳೆದಂತೆ ಕಣ್ಣಿನ ಮೇಲಕ್ಕೂ ಇಳಿಯುತ್ತದೆ. ಗುಳಿಗೆ ಆಹಾರವನ್ನು ಉದುರಿಸಿದರೆ ಕಾಮೆಟ್ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಓಡಿ ಎಲ್ಲವನ್ನೂ ಬಾಚಿಕೊಳ್ಳುತ್ತಿತ್ತು. ಒರಾಂಡಾ ಗುಳಿಗೆ ಬಿದ್ದ ಜಾಗಕ್ಕೆ ಬರುವ ಹೊತ್ತಿಗೆ ಅಲ್ಲಿ ಬರೀ ನೀರು ಇರುತ್ತಿತ್ತು. ಆದರೂ ಬಾಯಿ ತೆರೆದು ಮುಚ್ಚಿ ಹುಡುಕುತ್ತಲೇ ಇರುತ್ತಿತ್ತು. ಜಗಳವೆಂಬುದು ಒಂದು ದಿನವೂ ಇರಲಿಲ್ಲ. ಎರಡು ತಿಂಗಳಲ್ಲಿ ಒಂದು ದುಪ್ಪಟ್ಟಾಯಿತು, ಇನ್ನೊಂದು ಇದ್ದಷ್ಟೇ ಉಳಿಯಿತು. ಕಾಮೆಟ್ಟನ್ನು ಹುಣಸೂರಿನ ಹತ್ತಿರವಿರುವ ಅಣ್ಣನ ತೋಟದ ಸಿಮೆಂಟ್ ತೊಟ್ಟಿಗೆ ಕಳುಹಿಸಿದೆವು. ಈಗ ಅದು ಗೇಣುದ್ದವಾಗಿದೆ.

ಒಂಟಿಯಾದ ಮೀನನ್ನು ನೋಡಲಾರದೆ ಮಗಳು “ಅಮ್ಮಾ, ಪಾಪ, ಅದಕ್ಕೆ ಯಾರೂ ಇಲ್ಲ” ಎಂದು ದಿನವೂ ಹಠ ಹಿಡಿದಳು. ಅಂಗಡಿಯ ಹುಡುಗ ನೂರು ಸಲ ಹೇಳಿ ರೂಢಿಯಾದ ದನಿಯಲ್ಲಿ, “ಸಕ್ಕರ್ ತಗೊಳ್ಳಿ ಮೇಡಂ, ಗಾಜಿನ ಪಾಚಿ ತಿಂದುಕೊಂಡು ತನ್ನ ಪಾಡಿಗೆ ಇರುತ್ತೆ, ಏನೂ ಮಾಡಲ್ಲ” ಎಂದ. ಅವನ ಮಾತು ಪೂರ್ತಿ ಸುಳ್ಳೇನಲ್ಲ. ಮರಿಯಾಗಿದ್ದಾಗ ಅದು ಹಾಗೆಯೇ ಇತ್ತು. ಆದರೆ ಸಕ್ಕರ್ ರಾತ್ರಿ ಸಂಚರಿಸುವ ಮೀನು. ಬೆಳೆದಂತೆ ಅದಕ್ಕೆ ಪಾಚಿಯೊಂದೇ ಸಾಲುವುದಿಲ್ಲ. ನಮ್ಮ ಗಾಜು ತಿಂಗಳೊಪ್ಪತ್ತಿನಲ್ಲಿ ಬೆಳ್ಳಗಾಗಿತ್ತು, ಗುಳಿಗೆಯೆಲ್ಲ ಹಗಲಿನಲ್ಲೇ ಒರಾಂಡಾದ ಪಾಲಾಗುತ್ತಿತ್ತು. ಹಸಿದ ಸಕ್ಕರಿಗೆ ಕತ್ತಲಲ್ಲಿ ಸಿಕ್ಕಿದ್ದು ಅಗಲವಾದ ಮೈಯ, ನಿಧಾನದ, ಲೋಳೆ ಹೊದ್ದ ಒಂದು ಮೀನು. ಆ ಲೋಳೆಯೇ ಮೀನಿಗೆ ರೋಗ ತಗುಲದಂತೆ ಕಾಯುವ ಹೊದಿಕೆ. ಅದು ಹೋದರೆ ಮೈಮೇಲಿನ ಹುರುಪೆ ಕಳಚುತ್ತದೆ, ಹುಣ್ಣಾಗುತ್ತದೆ.

ಆ ರಾತ್ರಿಯೇ ಸಕ್ಕರನ್ನು ಬಕೆಟ್ಟಿಗೆ ಸಾಗಿಸಿದೆ. ಅದರ ಮುಳ್ಳು ಬಲೆಗೆ ಸಿಕ್ಕಿಕೊಂಡು ಬಲೆಯನ್ನೇ ಕತ್ತರಿಸಬೇಕಾಯಿತು. ಬೆಳಿಗ್ಗೆ ಅಮ್ಮ, “ಕುಕ್ಕರಹಳ್ಳಿ ಕೆರೆಗೆ ಬಿಟ್ಟು ಬಾ, ಅದರ ಪಾಡಿಗೆ ಬದುಕಿಕೊಳ್ಳಲಿ” ಎಂದರು. ಬದುಕಿಕೊಳ್ಳುತ್ತದೆ ಎಂಬುದೇ ತೊಂದರೆ. ದಕ್ಷಿಣ ಅಮೆರಿಕದ ಈ ಮೀನು ಹೀಗೆ ಸಾಕಿದವರ ಕೈಯಿಂದ ಹೊರಬಿದ್ದು ಕೇರಳ, ತಮಿಳುನಾಡುಗಳ ಕೆರೆ ಕಾಲುವೆಗಳಲ್ಲಿ ಬೇರೂರಿದೆ. ಕೊನೆಗೆ ಅಂಗಡಿಗೇ ಹಿಂದಿರುಗಿಸಿದೆ. ಹುಡುಗ ಹಣ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಆಮೇಲಿನ ಮೂರು ವಾರ ದಿನಕ್ಕೆ ಕಾಲುಭಾಗದಷ್ಟು ನೀರು ಬದಲಿಸುತ್ತಾ, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಹಾಕುತ್ತಾ ಕಳೆದೆ. ತೆಗೆದ ನೀರಿನಷ್ಟಕ್ಕೇ ಮತ್ತೆ ಉಪ್ಪು ಹಾಕಬೇಕೇ ಹೊರತು ಇಡೀ ತೊಟ್ಟಿಯ ಲೆಕ್ಕಕ್ಕಲ್ಲ ಎಂಬುದು ಎರಡನೆಯ ದಿನ, ಚಮಚ ಕೈಯಲ್ಲಿರುವಾಗ ಹೊಳೆಯಿತು. ಬಿಳಿಚಿದ ಜಾಗದಲ್ಲಿ ಹೊಸ ಹುರುಪೆ ಮೂಡಿತು.

ಮತ್ತೆ ಜೊತೆಯ ಮಾತು ಬಂದಾಗ ಈ ಸಲ ಅಂಗಡಿಯಲ್ಲಿ ಒಂದು ಗಂಟೆ ಸುಮ್ಮನೆ ನಿಂತು ನೋಡಿದೆ. ಮಗಳಿಗೆ ನಿಯಾನ್ ಟೆಟ್ರಾಗಳ ನೀಲಿ ಗೆರೆಯ ಮೇಲೆ ಆಸೆ. ಅವುಗಳಿಗೆ 24ರಿಂದ 26 ಡಿಗ್ರಿಯ ನೀರು ಹಿತ. ನಮ್ಮ ಮೈಸೂರಿನ ಚಳಿಗಾಲದಲ್ಲಿ ಹೀಟರ್ ಹಾಕಲೇಬೇಕು. ಗೋಲ್ಡ್ ಫಿಷ್‌ಗೆ 20ರ ಆಸುಪಾಸು ಸಾಕು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾದ ಆಮ್ಲಜನಕ ಮಾತ್ರ ಹೆಚ್ಚು. ಅಲ್ಲದೆ ಗೋಲ್ಡ್ ಫಿಷ್ ಬಾಯಿಗೆ ಹಿಡಿಸುವುದನ್ನು ತಿಂದೇ ನೋಡುವ ಪ್ರಾಣಿ. ಒಂದಂಗುಲದ ಟೆಟ್ರಾ ಅದಕ್ಕೆ ಜೊತೆಯಲ್ಲ, ತಿಂಡಿ. ಟೈಗರ್ ಬಾರ್ಬ್‌ಗಳು ಒರಾಂಡಾದ ಬಾಲವನ್ನು ಹರಿದು ಕಾಗದ ಮಾಡುತ್ತವೆ. ಕೋಯಿ ಮರಿ ಇವತ್ತು ಬೆರಳುದ್ದ, ನಾಳೆ ಎರಡಡಿ. ‘ಶಾರ್ಕ್’ ಎಂದು ಮಾರುವ ಮರಿಗಳಂತೂ ಮೀಟರು ದಾಟಿ ಬೆಳೆಯುವ ನದಿಮೀನುಗಳು. ಹುಡುಗನಿಗೆ ನನ್ನ ಮೇಲೆ ಬೇಸರವಾಗಿರಬೇಕು. ಪಕ್ಕದ ಗಿರಾಕಿಗೆ ಏಂಜಲ್ ಮೀನು ಹಿಡಿಯಲು ಹೋದ.

ನಮ್ಮ ತೊಟ್ಟಿಗೆ ಸುಮಾರು 150 ಲೀಟರು ಹಿಡಿಸುತ್ತದೆ. ಹೊಟ್ಟೆಯೆಂಬ ಪ್ರತ್ಯೇಕ ಅಂಗವಿಲ್ಲದ ಗೋಲ್ಡ್ ಫಿಷ್ ತಿಂದದ್ದನ್ನು ಬಹುಬೇಗ ಹೊರಹಾಕುತ್ತದೆ, ಕಿವಿರಿನಿಂದಲೂ ಅಮೋನಿಯಾ ಬಿಡುತ್ತದೆ. ಹಾಗಾಗಿ ಒಂದೊಂದಕ್ಕೆ 50 ಲೀಟರಾದರೂ ಇರಲಿ ಎಂದುಕೊಂಡರೂ ಇನ್ನೊಂದಕ್ಕೆ ಧಾರಾಳವಾಗಿ ಜಾಗವಿತ್ತು. ಕೊನೆಗೆ ಆರಿಸಿದ್ದು ಒಂದು ಬ್ಲ್ಯಾಕ್ ಮೂರ್. ಅದೂ ಗೋಲ್ಡ್ ಫಿಷ್ಷೇ. ಉಬ್ಬಿದ ಕಣ್ಣು, ಮಂದ ದೃಷ್ಟಿ, ಬಳುಕುವ ನಿಧಾನದ ಈಜು. ಎರಡು ವಾರ ಬೇರೆ ಟಬ್ಬಿನಲ್ಲಿ ಸ್ಪಂಜ್ ಫಿಲ್ಟರ್ ಹಾಕಿ ಇಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ತೊಟ್ಟಿಗೆ ಬಿಟ್ಟೆ.

ಮೊದಲ ಸಂಜೆ ನೆನೆಸಿದ ಗುಳಿಗೆ ಹಾಕಿದಾಗ ಎರಡೂ ಎದುರುಬದುರಾಗಿ ಬಂದು, ಒಂದೇ ಗುಳಿಗೆಯನ್ನು ಹುಡುಕುತ್ತಾ ಪರಸ್ಪರ ಮೂತಿ ತಾಗಿಸಿಕೊಂಡವು. ಗುಳಿಗೆ ನಡುವೆ ಜಾರಿ ತಳಕ್ಕೆ ಇಳಿಯಿತು. ಅದನ್ನು ಹುಡುಕಿಕೊಂಡು ಎರಡೂ ಒಂದೇ ವೇಗದಲ್ಲಿ ತಲೆಕೆಳಗಾದವು. ಅಮ್ಮ ಸೋಫಾದಿಂದ, “ಎರಡಕ್ಕೂ ಕನ್ನಡಕ ಬೇಕು” ಎಂದರು.

ಗಾಜನ್ನು ಈಗ ಭಾನುವಾರಗಳಂದು ನಾನೇ ಸ್ಪಂಜಿನಿಂದ ಉಜ್ಜುತ್ತೇನೆ, ಹಿಂದಿನ ಗಾಜೊಂದನ್ನು ಬಿಟ್ಟು. ಅಲ್ಲಿ ಹಸಿರಾಗಿ ಹಬ್ಬಿರುವ ಪಾಚಿಯನ್ನು ಮಧ್ಯಾಹ್ನದ ಹೊತ್ತು ಒರಾಂಡಾ ನಿಧಾನವಾಗಿ ಮೇಯುತ್ತದೆ.