ಡಂಬಳ 7

ಧಾರವಾಡದ ನಮ್ಮ ಲ್ಯಾಬಿನಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಇದೆ. ಅದರ ಮೂರನೇ ರ‍್ಯಾಕಿನಲ್ಲಿ ಕಿರುಬೆರಳಿನಷ್ಟು ಉದ್ದದ ಆರು ವಯಲ್‌ಗಳು, ಅಂದರೆ ಸಣ್ಣ ಸೀಸೆಗಳು. ಮುಚ್ಚಳದ ಮೇಲೆ 'ಡಂಬಳ 7' ಅಂತ ಕಪ್ಪು ಮಾರ್ಕರಿನಲ್ಲಿ ನಾನೇ ಬರೆದಿದ್ದೇನೆ.

ಒಳಗಿರುವ ಬ್ಯಾಕ್ಟೀರಿಯಾ ಬಂದದ್ದು ಅಪ್ಪನ ಹೊಲದಿಂದ. ಮುಂಡರಗಿ ತಾಲ್ಲೂಕಿನ ಡಂಬಳದ ಹತ್ತಿರ, ಕಪ್ಪತಗುಡ್ಡ ಕಾಣುವ ಕಪ್ಪು ಮಣ್ಣಿನ ಎರೆ ಹೊಲ. ಹಿಂಗಾರಿ ಜೋಳದ ಗಿಡ ಕಿತ್ತು, ಬೇರಿಗೆ ಅಂಟಿದ್ದ ಮಣ್ಣನ್ನು ಜಿಪ್ ಕವರಿಗೆ ಉದುರಿಸಿಕೊಂಡು ಬಸ್ಸಿನಲ್ಲಿ ತಂದಿದ್ದೆ. ನಾಲ್ಕನೇ ದಿನ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ತಿಳಿ ಕೇಸರಿ ಚುಕ್ಕೆಗಳು ಎದ್ದವು. ಸಾಸಿವೆ ಕಾಳಿಗಿಂತ ಸಣ್ಣವು, ಅಂಚು ಮಾತ್ರ ಸ್ವಲ್ಪ ಸುಕ್ಕು. ಬ್ಯಾಕ್ಟೀರಿಯಾ ಗುರುತಿಸಲು ನೋಡುವ 16ಎಸ್ ಜೀನ್, ಗೊತ್ತಿರುವ ಪ್ರಭೇದಗಳ ಜೊತೆ ಶೇಕಡ 98.7ಕ್ಕಿಂತ ಕಡಿಮೆ ಹೋಲಿದರೆ ಹೊಸ ಪ್ರಭೇದ ಇರಬಹುದು ಅಂತ ನಮ್ಮಲ್ಲಿ ಲೆಕ್ಕ. ಇದರದ್ದು 97.9 ಬಂತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಹೊಸ ಬ್ಯಾಕ್ಟೀರಿಯಾಕ್ಕೆ ಸುಮ್ನೆ ಹೆಸರಿಡೋಕೆ ಆಗುವುದಿಲ್ಲ. ಅದರ ಮೂಲ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಗಳಲ್ಲಿ ಇಡಬೇಕು. ಕೇಳಿದ ಸಂಶೋಧಕರಿಗೆಲ್ಲ ಅದು ಅಲ್ಲಿಂದ ಸಿಗುವಂತಿರಬೇಕು. ಇದು ಅಂತರರಾಷ್ಟ್ರೀಯ ನಾಮಕರಣ ನಿಯಮ. ನಮ್ಮ ದೇಶದ ಪಾಲು ಸುಲಭ, ಪುಣೆಯ ಸಂಗ್ರಹ ಇದೆ, ಚಂಡೀಗಢದ್ದು ಇದೆ. ತೊಡಕು ಇರುವುದು ಎರಡನೇ ದೇಶದ್ದು.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ, ದೇಶದೊಳಗೆ ನನ್ನಂಥ ಭಾರತೀಯಳು ಸಂಶೋಧನೆ ಮಾಡಲು ಯಾರ ಅಪ್ಪಣೆಯೂ ಬೇಡ. ಅದೇ ಜೀವಿ ವಿದೇಶಿ ಸಂಸ್ಥೆಯ ಕೈಗೆ ಹೋಗಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಅಲ್ಲಿಂದ ಮೂರನೆಯವರಿಗೆ ಕೊಡಬೇಕಾದರೆ ಮತ್ತೆ ಒಪ್ಪಿಗೆ. ನಾವು ಈ ಷರತ್ತನ್ನು ತಿಳಿಸಿದಾಗ ಹೊರದೇಶದ ಒಂದು ಸಂಗ್ರಹದವರು, ಷರತ್ತು ಇರುವ ತಳಿ ನಾವು ತೆಗೆದುಕೊಳ್ಳುವುದಿಲ್ಲ ಅಂತ ಎರಡೇ ಸಾಲಿನಲ್ಲಿ ಬರೆದರು. ಅವರ ನಿಯಮ ಅವರಿಗೆ, ನಮ್ಮ ಕಾನೂನು ನಮಗೆ. ನಡುವೆ ನನ್ನ ಆರು ವಯಲ್‌ಗಳು.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಹೊಲ ನಮ್ದು, ಮಣ್ಣು ನಮ್ದು. ಮತ್ತ ಅಪ್ಪಣಿ ಯಾರ್ದು ಬೇಕವ್ವಾ?" ಅಂದ.

"ಅಪ್ಪಾ, ಮುಳಗಾಯಿ ಕೇಸು ನೆನಪೈತಿಲ್ಲ?" ಅಂದೆ. ಮುಳಗಾಯಿ ಅಂದರೆ ಬದನೆ. ಕುಲಾಂತರಿ ಬಿಟಿ ಬದನೆಗೆ ಕರ್ನಾಟಕದ ಸ್ಥಳೀಯ ತಳಿಗಳನ್ನು ಒಪ್ಪಿಗೆ ಇಲ್ಲದೆ ಬಳಸಿದ್ದಾರೆ ಅಂತ 2010ರಲ್ಲಿ ದೂರು ಬಂದಿತ್ತು. 2012ರಲ್ಲಿ ವಿಷಯ ನಮ್ಮ ಧಾರವಾಡದ ಕೋರ್ಟಿಗೇ ಬಂತು. ಅರಿಶಿನಕ್ಕೆ ಗಾಯ ಮಾಯಿಸುವ ಗುಣ ಇದೆ ಅಂತ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಇಂಥದ್ದನ್ನೆಲ್ಲ ತಡೆಯೋಕೆ ಕಾವಲು ಬೇಕೇ ಬೇಕು. ನಾನು ಈ ಕಾನೂನಿನ ವಿರೋಧಿ ಅಲ್ಲ.

ನನ್ನ ಸಂಕಟ ಬೇರೆ. ದುಡ್ಡು ಮಾಡುವವನನ್ನೂ ಹೆಸರಿಡುವವಳನ್ನೂ ಒಂದೇ ಬಾಗಿಲಲ್ಲಿ ನಿಲ್ಲಿಸಿದರೆ ಹೇಗೆ? ಭಾರತದ ಜೀವಿಯಿಂದ ಏನನ್ನಾದರೂ ಕಂಡುಹಿಡಿದು ಪೇಟೆಂಟ್ ಪಡೆಯುವವರನ್ನು ಹಿಡಿಯಲು ಇದೇ ಕಾಯ್ದೆಯ 6ನೇ ಕಲಂ ಇದೆ. ಅಲ್ಲಿ ಬಿಗಿಯಾಗಿ ಹಿಡಿಯಲಿ, ಅಪ್ಪನಂಥವರಿಗೆ ಪಾಲು ಬರಲಿ. ಹೆಸರಿಡೋಕೆ ಇಡುವ ತಳಿಗೆ ಮಾತ್ರ ಒಂದು ನೇರ ದಾರಿ ಇರಲಿ. ಮೊದಲು ಈ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು ಇತ್ತು. 2023ರ ತಿದ್ದುಪಡಿಯಲ್ಲಿ ಅದು ಹೋಗಿ ದಂಡ ಬಂತು. ಆದರೂ ನಮ್ಮ ಹಿರಿಯರಲ್ಲಿ ಕೆಲವರು ಈಗಲೂ ಹೊರಗೆ ವಯಲ್ ಕಳಿಸುವ ಮಾತೆತ್ತಿದರೆ "ಬ್ಯಾಡ ಬಿಡು" ಅಂತಾರೆ. ಹೀಗೆ ಬಿಟ್ಟ ತಳಿಗಳು ನಮ್ಮ ಫ್ರೀಜರಿನಲ್ಲೇ ಎಷ್ಟಿವೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ದೇಶದ ಸಂಗ್ರಹಕ್ಕೆ ಪತ್ರ ಹಾಕಿದ್ದೇನೆ. ಪ್ರಾಧಿಕಾರದ ಅರ್ಜಿಯನ್ನೂ ಹೊಸದಾಗಿ ತುಂಬುತ್ತಿದ್ದೇನೆ. ನಿನ್ನೆ ಅಪ್ಪ ಕೇಳಿದ, "ಹೆಸರು ಏನಿಡ್ತೀ?" ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ಓದಿ ಹೇಳಿದೆ: ಡಂಬಳೆನ್ಸಿಸ್. ಅಂದರೆ ಡಂಬಳದ್ದು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಇನ್ನೊಮ್ಮಿ ಹೇಳು," ಅಂದ.